ಆರನೇ ಬೆರಳು

ನನಗೆ ಬೀಳ್ಕೊಡುಗೆ ಸಮಾರಂಭ ಆಗಲಿಲ್ಲ. ನನ್ನ ಹೆಂಡತಿ ಮಂಗಳ ಕವಲಂದೆಯ ಶಾಲೆಯಿಂದ ನಿವೃತ್ತಳಾದಾಗ ಶಾಮಿಯಾನ ಹಾಕಿಸಿದ್ದರು, ಭಾಷಣಗಳಾದವು, ಗೋಡೆ ಗಡಿಯಾರಗಳೂ ಶಾಲುಗಳೂ ಆಟೋದಲ್ಲಿ ಮನೆಗೆ ಬಂದವು. ನಾನು ನಿವೃತ್ತನಾದ ದಿನ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತಿದ್ದೆ, ಆಮೇಲೆ ಎದ್ದೆ. ಅಡುಗೆಮನೆಗೆ ಹೋಗಿ "ಇನ್ನು ಗೇಮ್ ಮಾಡಲ್ಲ ಕಣೇ" ಎಂದೆ. ಅವಳು ಒಳಗೆ ಹೋಗಿ ತನಗೆ ಬಂದ ಶಾಲುಗಳಲ್ಲಿ ಒಂದನ್ನು ತಂದು ನನ್ನ ಹೆಗಲಿಗೆ ಹಾಕಿ, "ತಗೊಳ್ಳಿ, ನಿಮ್ದೂ ಆಯ್ತಲ್ಲ" ಎಂದು ಒಗ್ಗರಣೆಗೆ ವಾಪಸಾದಳು. ಅದನ್ನೇ ಹೊದ್ದುಕೊಂಡು ಇದನ್ನು ಬರೆಯುತ್ತಿದ್ದೇನೆ.

ನಂಜನಗೂಡಿನ ಬಜಾರಿನಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನು ಕಂಪ್ಯೂಟರ್ ತರಗತಿ ನಡೆಸುತ್ತಿದ್ದೆ. ಹೊಟ್ಟೆ ಹೊರೆದದ್ದು ಅದು. ಉಳಿದ ಹೊತ್ತಿನಲ್ಲಿ ಮೊಬೈಲಿನಲ್ಲಿ ಆಡುವ ಆಟಗಳನ್ನು ಒಬ್ಬನೇ ಕಟ್ಟುತ್ತಿದ್ದೆ. ಕಂಪನಿ ಇಲ್ಲ, ಸಂಬಳ ಇಲ್ಲ, ತಾನೇ ಮಾಡಿ ತಾನೇ ಹಂಚುವುದು. ಇದಕ್ಕೆ ಈಗ ಇಂಡಿ ಗೇಮ್ ಡೆವಲಪರ್ ಎಂಬ ದೊಡ್ಡ ಹೆಸರಿದೆ. ನಾನು ಶುರು ಮಾಡಿದಾಗ ನಮ್ಮ ಬೀದಿಯಲ್ಲಿ ಇದಕ್ಕೆ ಇದ್ದ ಹೆಸರು 'ಮೇಷ್ಟ್ರಿಗೆ ಕೆಲಸ ಇಲ್ಲ' ಎಂಬುದು.

ಈಚೆಗೆ ಹುಡುಗರು, ಹುಡುಗಿಯರೂ ಸಹ, ವಿಚಾರಿಸಿಕೊಂಡು ಬರುತ್ತಾರೆ. "ಸಾ, ನಾನೂ ಇಂಡಿ ಆಗ್ಬೇಕು" ಎನ್ನುತ್ತಾರೆ. ಬೇಡ ಎಂದು ಹೇಳಿ ನೋಡಿದ್ದೇನೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ, ಯಾರೂ ಕೇಳುವುದಿಲ್ಲ. ಹಾಗಾಗಿ ಬೇಡ ಎನ್ನುವುದನ್ನು ಬಿಟ್ಟು, ಆದದ್ದನ್ನು ಆದ ಹಾಗೆ ಬರೆದಿಡೋಣ ಎಂದುಕೊಂಡೆ. ಓದಿ, ಆಮೇಲೂ ಬರುವುದಾದರೆ ಬನ್ನಿ. ನನ್ನ ಶಾಲು ಕೊಡುತ್ತೇನೆ.

ಮೊದಲ ಆಟ ಮಾಡಿದ್ದು ಗುಂಡಿಯ ಫೋನುಗಳ ಕಾಲದಲ್ಲಿ. ಮಂಟಪದ ಮೇಲಿಂದ ಕೋತಿ ರಸಬಾಳೆಯ ಹಣ್ಣು ಎಸೆಯುತ್ತದೆ, ಕೆಳಗೆ ಮುದುಕಿಯೊಬ್ಬಳು ಸೆರಗೊಡ್ಡಿ ಹಿಡಿಯಬೇಕು. ಅಷ್ಟೇ. ಅದನ್ನು ಹಂಚುವುದು ಹೇಗೆಂದು ಯಾರಿಗೆ ಗೊತ್ತಿತ್ತು. ಬಸ್ ಸ್ಟ್ಯಾಂಡ್ ಎದುರು ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಅಂಗಡಿಯೊಂದಿತ್ತು. ಅವನಿಗೆ ಕೊಟ್ಟೆ. ಅವನು ಹಾಡುಗಳ ಜೊತೆ ನನ್ನ ಆಟವನ್ನೂ ಸುರಿದು ಕಳಿಸುತ್ತಿದ್ದ, ಅಂಗಡಿಯವನು ಸಾಮಾನಿನ ಜೊತೆ ಕರಿಬೇವು ಹಾಕಿ ಕಳಿಸುವ ಹಾಗೆ.

ಕೆಲವು ತಿಂಗಳಾದ ಮೇಲೆ ಬನ್ನೂರಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಮುಂದಿನ ಸೀಟಿನಲ್ಲಿ ಕಬ್ಬು ಕಡಿಯಲು ಹೊರಟ ಗಂಡಸೊಬ್ಬ ಫೋನನ್ನು ಮೂಗಿಗೆ ಹಿಡಿದುಕೊಂಡು ಗುಂಡಿ ಒತ್ತುತ್ತಿದ್ದ. ನೋಡಿದರೆ ನನ್ನ ಮುದುಕಿ, ನನ್ನ ಕೋತಿ. ಹಣ್ಣು ನೆಲಕ್ಕೆ ಬಿದ್ದಾಗ ಅವನು "ಥೂ, ನಿನ್ ಮನೆ ಕಾಯ, ಸೆರಗು ಸರ್ಯಾಗ್ ಇಡ್ಕೋ ಮುದ್ಕಿ" ಎಂದು ಬೈದ. ನಾನು ಇಳಿಯುವ ಊರು ಬಂದರೂ ಇಳಿಯಲಿಲ್ಲ. ಅವನಿಗೆ ಏನನ್ನೂ ಹೇಳಲೂ ಇಲ್ಲ. ಈ ಕೆಲಸದಲ್ಲಿ ನನಗೆ ಸಿಕ್ಕ ಪೂರ್ತಿ ಸಂತೋಷ ಎಂದರೆ ಅದೊಂದೇ. ಗುಂಡಿಯ ಫೋನು ಹೋದಾಗ ಆ ಆಟವೂ ಹೋಯಿತು. ಈಗ ಅದನ್ನು ತೆರೆಯಬಲ್ಲ ಒಂದು ಫೋನೂ ನನ್ನ ಹತ್ತಿರ ಇಲ್ಲ. ಬರೆದ ಪುಸ್ತಕ ಗೆದ್ದಲು ಹಿಡಿದರೂ ನಾಲ್ಕು ಹಾಳೆ ಉಳಿಯುತ್ತದೆ, ನಮ್ಮ ಕೆಲಸದಲ್ಲಿ ಅದೂ ಇಲ್ಲ ಎಂಬುದನ್ನು ಮೊದಲೇ ತಿಳಿದುಕೊಳ್ಳಿ.

ಮೇಲಧಿಕಾರಿಗಳ ಬಗ್ಗೆ ಹೇಳಬೇಕು. ನಮಗೆ ಮೇಲಧಿಕಾರಿ ಇಲ್ಲ ಎಂಬ ಆಸೆಯಿಂದಲೇ ಎಷ್ಟೋ ಜನ ಬರುತ್ತಾರೆ. ಇದ್ದಾನೆ. ಅವನಿಗೆ ಮುಖ ಇಲ್ಲ, ಕಾಲು ಹಿಡಿಯೋಣ ಎಂದರೆ ಕಾಲಿಲ್ಲ. ಸ್ಮಾರ್ಟ್‌ಫೋನ್ ಬಂದ ಮೇಲೆ ಆಟಗಳನ್ನೆಲ್ಲ ಕಂಪನಿಯವರ ಆ್ಯಪ್ ಅಂಗಡಿಯಲ್ಲೇ ಇಡಬೇಕು. ಅಲ್ಲಿಂದ ಮೇಲ್ ಬರುತ್ತದೆ. ಕೆಳಗೆ ಮನುಷ್ಯರ ಹೆಸರಿರುವುದಿಲ್ಲ.

ನಾನು ಚೌಕಾಬಾರದ ಆಟ ಮಾಡಿದ್ದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕವಡೆ ಹಾಕಿ ಆಡುತ್ತೇವಲ್ಲ, ಅದೇ. ಬೆರಳಲ್ಲಿ ಮುಟ್ಟಿದರೆ ಕವಡೆ ಉರುಳುತ್ತಿತ್ತು. ಮೊದಲು ತೋರಿಸಿದ್ದು ತಗಡೂರಿನಲ್ಲಿದ್ದ ನಮ್ಮತ್ತೆಗೆ, ಮಂಗಳನ ತಾಯಿಗೆ. ಚೌಕಾಬಾರದಲ್ಲಿ ಆಕೆಯನ್ನು ಸೋಲಿಸಿದವರನ್ನು ನಾನು ಕಂಡಿಲ್ಲ. ಸ್ವಲ್ಪ ಹೊತ್ತು ಆಡಿ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಚಂದಾಗ್ ಮಾಡಿದೀರಿ ಕಣಪ್ಪ. ಆದ್ರೆ ಇದು ನಮ್ ಆಟ ಅಲ್ಲ."

"ಯಾಕತ್ತೆ?"

"ಕವಡೆ ಮುಚ್ಚಿ ಊದದೆ ಎಂಗ್ ಬಿಡಾದು? ಊದ್ದೇ ಇದ್ರೆ ಅದಕ್ಕೆ ನಾನ್ಯಾರು ಅಂತ ಎಂಗ್ ಗೊತ್ತಾಗ್ಬೇಕು?"

ಸರಿ, ಊದುವುದನ್ನು ಸೇರಿಸಿದೆ. ಫೋನಿನ ಮೈಕಿಗೆ ಉಫ್ ಎಂದು ಊದಿದರೆ ಕವಡೆ ಉರುಳಬೇಕು. ಬಹಳ ದಿನ ಹಿಡಿಯಿತು. ಅತ್ತೆಗೆ ಹಿಡಿಸಿತು. ಅವರು ಎಲೆ ಅಡಿಕೆ ಬಾಯಲ್ಲೇ ಊದಿ ಊದಿ ಫೋನಿನ ಗಾಜೆಲ್ಲ ಕೆಂಪಾಯಿತು. ಬಸ್ಸಿನಲ್ಲಿ ಮಾತ್ರ ಡ್ರೈವರ್ ಹಾರ್ನ್ ಹೊಡೆದಾಗಲೆಲ್ಲ ಕವಡೆ ತಾನೇ ಉರುಳುತ್ತಿತ್ತು, ಬೇಕಾದವರು ಅದನ್ನೇ ಅದೃಷ್ಟ ಎಂದುಕೊಂಡರು.

ಆಮೇಲೆ ಮೇಲಧಿಕಾರಿಯ ಮೇಲ್ ಬಂತು. ಒಂದು ಬೋರ್ಡ್ ಆಟಕ್ಕೆ ಮೈಕ್ ಯಾಕೆ ಬೇಕು, ಸಮಜಾಯಿಷಿ ಕೊಡಿ ಎಂದು. ಕವಡೆಗೆ ಊದಲು ಎಂದು ಬರೆದೆ. ಉತ್ತರ ಸಮರ್ಪಕವಾಗಿಲ್ಲ ಎಂದು ವಾಪಸು ಬಂತು. ಕವಡೆ ಎಂದರೇನು, ಊದುವುದು ಯಾಕೆ, ನಮ್ಮತ್ತೆ ಯಾರು, ಎಲ್ಲವನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ಬರೆದೆ. ಅದೇ ಉತ್ತರ ಮತ್ತೆ ಬಂತು, ಒಂದಕ್ಷರ ಬದಲಾಗಿರಲಿಲ್ಲ. ಆಟವನ್ನು ತೆಗೆದುಹಾಕಿದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು ಅರ್ಜಿ ಎಸೆದರೂ ಮುಖ ನೋಡಿಯಾದರೂ ಎಸೆಯುತ್ತಾರೆ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಬಂದಿದ್ದರೆ ಸಿದ್ದರಾಜಣ್ಣನಿಗೆ ಹೀಗಾಗುತ್ತಿರಲಿಲ್ಲ. ಇಲ್ಲಿಂದ ಮುಂದೆ ಬರೆಯುವುದು ಅವನ ವಿಷಯ, ನಿಜ ಹೇಳಬೇಕೆಂದರೆ ಕೂತು ಬರೆಯಲು ಶುರು ಮಾಡಿದ್ದೇ ಅದಕ್ಕೆ.

ಮದುವೆಯೊಂದಕ್ಕೆಂದು ತಿರುಮಕೂಡಲು ನರಸೀಪುರಕ್ಕೆ ಹೋಗಿದ್ದೆ. ಊಟಕ್ಕೆ ಹೊತ್ತಿತ್ತು, ಬೀದಿ ಸುತ್ತುತ್ತಿದ್ದೆ. ಒಂದು ಕ್ಷೌರದಂಗಡಿಯ ತಗಡಿನ ಬೋರ್ಡು ಕಂಡಿತು. ಕುರ್ಚಿಯಲ್ಲಿ ಕೂತ ಗಿರಾಕಿ, ಹಿಂದೆ ಕತ್ತರಿ ಹಿಡಿದವನು. ಗಿರಾಕಿಯ ಮುಖದಲ್ಲಿ ಒಂದು ಭಯ ಇತ್ತು, ಕಿವಿ ಹೋದೀತು ಎನ್ನುವ ಭಯ. ನಿಂತಲ್ಲೇ ನಕ್ಕುಬಿಟ್ಟೆ. ಬೋರ್ಡಿನ ಬಲ ಮೂಲೆಯಲ್ಲಿ ಸಣ್ಣಗೆ 'ಸಿದ್ದು ಆರ್ಟ್ಸ್' ಎಂದಿತ್ತು. ಅಂಗಡಿಯವರನ್ನು ಕೇಳಿದೆ.

"ಸಿದ್ರಾಜಣ್ಣ ಬರ್ದದ್ದು ಸಾ. ಈ ಊರಲ್ಲಿ ಹಳೇ ಬೋರ್ಡ್ ಯಾವ್ದ್ ಕಂಡ್ರೂ ಅವ್ನದೇಯ. ಈವಾಗ ಫ್ಲೆಕ್ಸ್ ಬಂತಲ್ಲ. ಬನ್ನೂರು ಕಡೆ ರೈಸ್ ಮಿಲ್ಲಲ್ಲಿ ವಾಚ್‌ಮನ್ ಆಗವ್ನೆ."

ಹುಡುಕಿಕೊಂಡು ಹೋದೆ. ನನಗಿಂತ ಸ್ವಲ್ಪ ದೊಡ್ಡವನು, ಎತ್ತರದ ಮನುಷ್ಯ, ಮಿಲ್ಲಿನ ಗೇಟಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ನಾನು ಮಾಡಬೇಕೆಂದಿದ್ದ ಆಟದ ವಿಷಯ ಹೇಳಿದೆ. ಹೆಸರು 'ಹರಿಗೋಲು'. ನಂಜನಗೂಡಿನಲ್ಲಿ ಜನರನ್ನು ಹತ್ತಿಸಿಕೊಂಡು ಕಪಿಲೆಯ ಮೇಲೆ ನರಸೀಪುರದ ಸಂಗಮದವರೆಗೆ ಹೋಗಬೇಕು. ಕೋಳಿ ಬುಟ್ಟಿಯವಳು, ಕಬ್ಬಿನ ಹೊರೆಯವನು, ಕೊಡೆ ಹಿಡಿದ ಮೇಷ್ಟ್ರು, ಒಬ್ಬರಿಗೊಬ್ಬರು ಆಗದವರು. ಯಾರನ್ನು ಯಾರ ಪಕ್ಕ ಕೂರಿಸುತ್ತೀರಿ ಎನ್ನುವುದರ ಮೇಲೆ ಹರಿಗೋಲು ತೇಲುತ್ತದೆ ಇಲ್ಲವೇ ಮಗುಚುತ್ತದೆ. ಎಲ್ಲರ ಚಿತ್ರ ಅವನೇ ಬರೆಯಬೇಕು.

ಕೂಲಿ ಎಷ್ಟು ಎಂದು ಅವನು ಕೇಳಲಿಲ್ಲ. "ಎಸ್ರು ಬತ್ತದಾ ಮೇಷ್ಟ್ರೇ?" ಎಂದ.

"ಹೆಸರು ಬರುತ್ತೆ ಸಿದ್ದರಾಜಣ್ಣ. ಆಟ ಮುಗಿದ ಮೇಲೆ ದೊಡ್ಡದಾಗಿ ಬರುತ್ತೆ."

"ದೊಡ್ದು ಬ್ಯಾಡಿ. ಬೋರ್ಡಿನ ಮೂಲೇಲಿ ಬರೀತಿದ್ನಲ್ಲ, ಅಷ್ಟಿದ್ರೆ ಸಾಕು. ಫ್ಲೆಕ್ಸಿನ ಮೂಲೇಲಿ ಪ್ರೆಸ್ಸಿನ ಫೋನ್ ನಂಬರ್ ಇರ್ತದೆ, ಬರ್ದವನ ಎಸ್ರು ಇರಕಿಲ್ಲ. ಇದು ಸಿದ್ರಾಜನ ಕೈ ಅಂತ ನಾಕ್ ಜನಕ್ಕೆ ಗೊತ್ತಾಗ್ಬೇಕು. ಇನ್ನೇನ್ ಬೇಕು ನಂಗೆ."

ಅವನು ಕೇಳಿದ್ದು ಅದೊಂದೇ. ಅದನ್ನು ಕೊಡುವುದು ಏನು ಮಹಾ ಎಂದು ನಾನು ಒಪ್ಪಿಕೊಂಡೆ.

ಡಿಜಿಟಲ್ ಪೆನ್ನು ಕೊಟ್ಟು ನೋಡಿದೆ. "ಜಾರ್ತದೆ, ಇಡ್ತ ಇಲ್ಲ" ಎಂದು ಪಕ್ಕಕ್ಕಿಟ್ಟ. ತಗಡಿನ ಮೇಲೆ ಎನಾಮಲ್ ಬಣ್ಣದಲ್ಲೇ ಬರೆದ. ಒಬ್ಬೊಬ್ಬರಿಗೆ ಒಂದೊಂದು ತಗಡು. ಹಳೆ ಸೀರೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಂಜನಗೂಡಿಗೆ ತರುತ್ತಿದ್ದ. ನಾನು ತಾರಸಿಯ ಮೇಲೆ ನೆರಳಿನಲ್ಲಿ ಫೋಟೋ ಹೊಡೆದು, ಕಂಪ್ಯೂಟರಿನಲ್ಲಿ ಸುತ್ತಲಿನ ಬಣ್ಣ ಕತ್ತರಿಸಿ, ಕೈಕಾಲು ಆಡುವ ಹಾಗೆ ಮಾಡುತ್ತಿದ್ದೆ. ತರಗತಿಯಲ್ಲೆಲ್ಲ ಟರ್ಪೆಂಟೈನ್ ವಾಸನೆ. ಟೈಪಿಂಗ್ ಕಲಿಯಲು ಬಂದವರು ಮೂಗು ಮುಚ್ಚಿಕೊಂಡು ಕಲಿತರು.

ಮೊದಲ ತಗಡು ಅಂಬಿಗನದು. ಹುಟ್ಟು ಹಿಡಿದು ನಿಂತಿದ್ದಾನೆ. ಫೋಟೋ ಹೊಡೆಯುವಾಗ ನೋಡಿದರೆ ಎಡಗೈಗೆ ಆರು ಬೆರಳು.

"ಸಿದ್ದರಾಜಣ್ಣ, ಒಂದು ಬೆರಳು ಜಾಸ್ತಿ ಆಗಿದೆಯಲ್ಲ."

"ಆಗಿಲ್ಲ, ಇಟ್ಟಿವ್ನಿ. ದೃಷ್ಟಿಗೆ."

ಅವನಿಗೆ ಕೆಲಸ ಕಲಿಸಿದ ಗುರು ಮೈಸೂರಿನಲ್ಲಿ ಗೋಡೆ ಬರೆಯುತ್ತಿದ್ದವರಂತೆ. ಪೂರ್ತಿ ಸರಿಯಾಗಿರುವ ಚಿತ್ರವನ್ನು ಬೀದಿಗೆ ಕಳಿಸಬೇಡ, ಕಣ್ಣು ಬೀಳುತ್ತದೆ, ಅಂಗಡಿ ಏಳುವುದಿಲ್ಲ ಎಂದು ಹೇಳಿಕೊಟ್ಟಿದ್ದರಂತೆ. ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಡುತ್ತೇವಲ್ಲ, ಕಟ್ಟುವ ಮನೆಗೆ ಬೂದುಗುಂಬಳ ತೂಗುಹಾಕುತ್ತೇವಲ್ಲ, ಅದೇ ಲೆಕ್ಕ. ಆದ್ದರಿಂದ ಸಿದ್ದರಾಜಣ್ಣನ ಪ್ರತಿ ಬೋರ್ಡಿನಲ್ಲೂ ಬೇಕೆಂದೇ ಬಿಟ್ಟ ಒಂದು ತಪ್ಪಿರುತ್ತಿತ್ತು. ಕ್ಷೌರದಂಗಡಿಯ ಗಿರಾಕಿಗೆ ಒಂದು ಕಿವಿ ದೊಡ್ಡದು. ಕೋಳಿ ಬುಟ್ಟಿಯವಳ ಒಂದು ಕೋಳಿಗೆ ಮೂರು ಕಾಲು. ಮೇಷ್ಟ್ರ ಕನ್ನಡಕಕ್ಕೆ ಒಂದೇ ಕಡೆ ಕಡ್ಡಿ. ನಮ್ಮ ಕಡೆಯ ಜನ ಅದನ್ನು ಕಂಡರೂ ಕಾಣದ ಹಾಗೆ ಇರುತ್ತಾರೆ, ಮಗುವಿನ ಕೆನ್ನೆಯ ಬೊಟ್ಟನ್ನು ಯಾರೂ ಕೊಳೆ ಎನ್ನುವುದಿಲ್ಲವಲ್ಲ. ನನಗೆ ಬಹಳ ಇಷ್ಟವಾಯಿತು. ಇರಲಿ ಎಂದೆ.

ವರ್ಷಗಳೇ ಹಿಡಿದವು. ಹಾಗೂ ಹೀಗೂ 'ಹರಿಗೋಲು' ಆಡುವ ಮಟ್ಟಕ್ಕೆ ಬಂತು. ಒಬ್ಬೊಬ್ಬರೇ ಆಟ ಕಟ್ಟುವವರಿಗೆಂದು ಹೊರದೇಶದವರು ನಡೆಸುವ ಒಂದು ಆನ್‌ಲೈನ್ ಪ್ರದರ್ಶನಕ್ಕೆ ಕಳಿಸಿದೆ. ಆಯ್ಕೆಯಾಯಿತು. ನಂಜನಗೂಡಿನಿಂದ ಹೋದ ಆಟವನ್ನು ಪ್ರಪಂಚದ ಜನ ನೋಡುತ್ತಾರೆ ಎಂದು ಸಿದ್ದರಾಜಣ್ಣನಿಗೆ ಫೋನ್ ಮಾಡಿದೆ. ಅವನು ಮಿಲ್ಲಿನ ಕೆಲಸ ಬಿಟ್ಟುಬಿಟ್ಟ. ಆತುರ ಬೇಡ ಎಂದರೆ, "ಗೇಟ್ ಕಾಯಾ ಕೈಯಲ್ಲ ಇದು ಅಂತ ನೀವೇ ಏಳಿದ್ರಿ" ಎಂದ. ಹೌದು, ಹೇಳಿದ್ದೆ.

ಪ್ರದರ್ಶನಕ್ಕೆ ಮೊದಲು ನಾಲ್ಕು ಚಿತ್ರಗಳನ್ನು ಆಟ ಕಟ್ಟುವವರು ಸೇರುವ ಒಂದು ವೇದಿಕೆಯಲ್ಲಿ ಹಂಚಿಕೊಂಡೆ. ಕೆಲಸ ಮಾಡುವುದಕ್ಕಿಂತ ಅದನ್ನು ನಾಲ್ಕು ಜನರ ಮುಂದಿಡುವುದೇ ಕಷ್ಟ, ಇದನ್ನು ಅನುಭವಿಸದೆ ತಿಳಿಯುವುದಿಲ್ಲ. ಸಿದ್ದರಾಜಣ್ಣ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಮನೆಗೆ ಬಂದು ಪಕ್ಕದಲ್ಲಿ ಕೂತ. ಒಂದೊಂದೇ ಮಾತು ಬರತೊಡಗಿತು. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಯಾವ ದೇಶದವರೋ ಬಣ್ಣ ಚೆನ್ನಾಗಿದೆ ಎಂದಿದ್ದರು. ಇನ್ನೊಬ್ಬರು ಕೋಳಿಯವಳ ಮುಖ ನೋಡಿ ತಮ್ಮ ಅಜ್ಜಿಯ ನೆನಪಾಯಿತು ಎಂದಿದ್ದರು. ಅವನು ಅದನ್ನು ಎರಡನೇ ಸಲ ಓದಿಸಿದ. ಮಂಗಳ ಅವತ್ತು ಶಾವಿಗೆ ಪಾಯಸ ಮಾಡಿದ್ದಳು.

ಮಾರನೆಯ ದಿನ ಅಲ್ಲಿ ಯಾರೋ ಒಬ್ಬ, ನಮ್ಮ ಅಂಬಿಗನ ಕೈಗೆ ಕೆಂಪು ಸುತ್ತು ಹಾಕಿ ಚಿತ್ರ ಹಾಕಿದ್ದ. ಬೆರಳು ಎಣಿಸಿ ಎಂದಷ್ಟೇ ಬರೆದಿದ್ದ.

ಕಂಪ್ಯೂಟರಿಗೆ ನಾಲ್ಕು ಮಾತು ಹೇಳಿದರೆ ತಾನೇ ಚಿತ್ರ ಬರೆದುಕೊಡುವ ಕಾಲ ಬಂದಿತ್ತಲ್ಲ, ಎಐ ಎನ್ನುವ ಅದು ಬೆರಳುಗಳಲ್ಲಿ ಎಡವುತ್ತಿತ್ತು. ಆರು ಬೆರಳು ಕಂಡರೆ ಯಂತ್ರದ ಚಿತ್ರ ಎಂದು ಜನ ಹಿಡಿಯುತ್ತಿದ್ದರು. ನನಗೆ ಇದು ಗೊತ್ತಿತ್ತು. ಗೊತ್ತಿದ್ದರೂ ಸಿದ್ದರಾಜಣ್ಣನ ಬೆರಳಿಗೂ ಅದಕ್ಕೂ ಸಂಬಂಧ ಇದೆ ಎಂದು ಒಂದು ಗಳಿಗೆಯೂ ತೋಚಿರಲಿಲ್ಲ. ಕೆಂಪು ಸುತ್ತಿನ ಕೆಳಗೆ ಜನ ಮುಗಿಬಿದ್ದರು. ಮೂರು ಕಾಲಿನ ಕೋಳಿ ಸಿಕ್ಕಿತು, ಮೇಷ್ಟ್ರ ಕನ್ನಡಕ ಸಿಕ್ಕಿತು. ಹಿಂದಿನ ದಿನ ಅಜ್ಜಿ ನೆನಪಾದವರು ಬಂದು ತಮ್ಮ ಮಾತನ್ನು ಅಳಿಸಿಕೊಂಡು ಹೋದರು. ಕಳ್ಳರು ಎಂದರು. ಬಡ ಕಲಾವಿದರ ಅನ್ನ ಕಸಿಯುವವರು ಎಂದರು.

ನಾನು ದೃಷ್ಟಿಯ ವಿಷಯ ಬರೆದೆ, ಗುರುಗಳ ವಿಷಯ ಬರೆದೆ. ಒಬ್ಬ, 'ಕಥೆ ಚೆನ್ನಾಗಿದೆ, ಇದನ್ನೂ ಎಐ ಬರೆದುಕೊಟ್ಟಿತಾ' ಎಂದು ಕೇಳಿದ. ತಗಡುಗಳ ಫೋಟೋ ಹಾಕಿದೆ. ಫೋಟೋಗಳನ್ನೂ ಯಂತ್ರವೇ ಮಾಡುತ್ತದೆ ಎಂದರು. ಸಿದ್ದರಾಜಣ್ಣ ಕುಂಚ ಹಿಡಿದು ಬರೆಯುವ ವಿಡಿಯೋ ಹಾಕಿದೆ. ಅದನ್ನು ನೋಡಿದವರೇ ಇಲ್ಲ, ಜನ ಅಷ್ಟರಲ್ಲಿ ಇನ್ಯಾರನ್ನೋ ಹಿಡಿಯಲು ಹೋಗಿದ್ದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಉತ್ತರ. ಆ ಜನರಲ್ಲಿ ಒಬ್ಬನಾದರೂ ಎದುರಿಗೆ ಸಿಕ್ಕಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಸಿದ್ದರಾಜಣ್ಣನಿಗೆ ಹೇಳದೆ ಇರುವ ಹಾಗಿರಲಿಲ್ಲ. ಅವನು ಬಂದು ಕೂತಿದ್ದ.

"ಏನಂತಾರೆ ಮೇಷ್ಟ್ರೇ ಇವತ್ತು?"

"ಇದನ್ನ ಮನುಷ್ಯರು ಬರೆದಿಲ್ಲ ಅಂತಾರೆ. ಯಂತ್ರ ಬರೆದದ್ದು ಅಂತಾರೆ."

"ಅದೆಂಗೆ?"

"ಆರು ಬೆರಳಿದೆಯಲ್ಲ. ಯಂತ್ರ ಹಂಗೇ ಬರೆಯುತ್ತೆ."

ಅವನು ಬಗ್ಗಿ ಪರದೆಯನ್ನು ನೋಡಿದ. ಅವನಿಗೆ ಸಿಟ್ಟು ಬರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ, "ಅದ್ಯಾಕ್ ಆರ್ ಬೆರಳ್ ಬರೀತದೆ? ಅದ್ಕೂ ದೃಷ್ಟಿ ಭಯ್ವಾ?"

ಮಂಗಳ ಕಾಫಿ ತಂದಿಟ್ಟಳು. ಅವನು ಲೋಟ ಮುಟ್ಟಲಿಲ್ಲ.

ವಾರದೊಳಗೆ ಪ್ರದರ್ಶನದವರ ಮೇಲ್ ಬಂತು. ದೂರುಗಳು ಬಂದಿವೆ, ಆಟವನ್ನು ಸದ್ಯಕ್ಕೆ ತೆಗೆದಿದ್ದೇವೆ. ವಾಪಸು ಸೇರಬೇಕಾದರೆ ಎರಡು ದಾರಿ. ಚಿತ್ರಗಳನ್ನು ಎಐ ಬರೆದದ್ದು ಎಂದು ಒಪ್ಪಿಕೊಂಡು ಒಂದು ಚೌಕದಲ್ಲಿ ಟಿಕ್ ಹಾಕಬೇಕು. ಇಲ್ಲವೇ ಆ ಚಿತ್ರಗಳನ್ನು ಬದಲಾಯಿಸಬೇಕು. ಇದನ್ನು ಕಳಿಸಿದವರು ಕೆಟ್ಟವರಲ್ಲ. ಮರ್ಯಾದೆಯಿಂದಲೇ ಬರೆದಿದ್ದರು, ಅದು ಇನ್ನೂ ಹೊಟ್ಟೆ ಉರಿಸಿತು.

ಎರಡೂ ಬೇಡ, ಹೋಗಲಿ ಬಿಡು, ಆಟವೇ ಬೇಡ ಎಂದು ಸಿದ್ದರಾಜಣ್ಣನಿಗೆ ಹೇಳಿದೆ. ಅವನು ಒಪ್ಪಲಿಲ್ಲ.

"ನಿಮ್ದೂ ಇಷ್ಟ್ ವರ್ಸದ್ ಕೆಲ್ಸ. ನನ್ ಬೆರಳಿಂದ ನೀರ್ ಪಾಲ್ ಆಗದ್ ಬ್ಯಾಡ."

"ಹಾಗಾದ್ರೆ ಟಿಕ್ ಹಾಕ್ಲಾ? ಒಂದು ಗುರುತು ಅಷ್ಟೇ. ಚಿತ್ರ ಹಂಗೇ ಇರುತ್ತೆ."

"ಅದ್ಕೆ ಟಿಕ್ ಆಕುದ್ರೆ ಸಿದ್ರಾಜ ಅನ್ನೋನೇ ಉಟ್ಟಿಲ್ಲ ಅಂತಾಯ್ತದೆ. ತಗಡ್ ಇಳಿಸಿ. ಸರಿ ಮಾಡ್ಕೊಡ್ತೀನಿ."

ಪ್ರತಿದಿನ ಬೆಳಗಿನ ಬಸ್ಸಿಗೆ ಬಂದು ತಾರಸಿಯ ಮೇಲೆ ಕೂರುತ್ತಿದ್ದ. ಮೊದಲು ಅಂಬಿಗನನ್ನು ತೆಗೆದುಕೊಂಡ. ಹುಟ್ಟಿನ ಮರದ ಬಣ್ಣ ಕಲಸಿ, ಆರನೇ ಬೆರಳಿನ ಮೇಲೆ ಒಂದೇ ಎಳೆತಕ್ಕೆ ಎಳೆದ. ಬೆರಳು ಹೋಯಿತು. ಹಳೆ ಎನಾಮಲ್ ಮೇಲೆ ಹೊಸ ಬಣ್ಣ ಸ್ವಲ್ಪ ಹೆಚ್ಚು ಹೊಳೆಯುತ್ತಿತ್ತು, ಅದನ್ನೂ ಸೀಮೆಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ ತಟ್ಟಿ ಮಂಕು ಮಾಡಿದ. ಕೋಳಿಯ ಮೂರನೇ ಕಾಲು ಹೋಯಿತು. ಮೇಷ್ಟ್ರ ಕನ್ನಡಕಕ್ಕೆ ಇನ್ನೊಂದು ಕಡ್ಡಿ ಬಂತು. ಬಿಸಿಲು ನೆತ್ತಿಗೆ ಬಂದರೂ ಏಳುತ್ತಿರಲಿಲ್ಲ. ನಾನು ಕೆಳಗೆ ಟೈಪಿಂಗ್ ಪಾಠ ಮಾಡುತ್ತಾ ಇದ್ದರೂ ಕಿವಿ ಮೇಲೆಯೇ ಇರುತ್ತಿತ್ತು. ಸದ್ದೇ ಇರುತ್ತಿರಲಿಲ್ಲ. ಮೊದಲೆಲ್ಲ ಕೆಲಸ ಮಾಡುವಾಗ ಅವನು ಏನಾದರೊಂದು ಗುನುಗುತ್ತಿದ್ದ.

ಕೊನೆಯ ದಿನ ಹತ್ತಿ ಹೋದೆ. ತಗಡುಗಳನ್ನೆಲ್ಲ ಗೋಡೆಗೆ ಸಾಲಾಗಿ ಒರಗಿಸಿದ್ದ. ಒಂದೂ ತಪ್ಪಿಲ್ಲ. ಅಷ್ಟು ಚೆನ್ನಾಗಿ ಬರೆಯುವ ಕೈ ಅದು ಎಂದು ನನಗೂ ಅವತ್ತೇ ಪೂರ್ತಿ ಗೊತ್ತಾದದ್ದು. ಆಮೇಲೆ ಮೂಲೆಗಳನ್ನು ನೋಡಿದೆ. ಎಲ್ಲ ತಗಡುಗಳ ಬಲ ಮೂಲೆಯಲ್ಲಿದ್ದ 'ಸಿದ್ದು ಆರ್ಟ್ಸ್' ಇರಲಿಲ್ಲ. ಹಿನ್ನೆಲೆಯ ಹೊಳೆ ನೀರಿನ ಬಣ್ಣವನ್ನೇ ಬಳಿದು ಮುಚ್ಚಿದ್ದ.

"ಇದೇನ್ ಮಾಡ್ದೆ ಸಿದ್ದರಾಜಣ್ಣ?"

ಕುಂಚಗಳನ್ನು ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ.

"ಬೊಟ್ ಇಡ್ದೆ ಯಾವ್ದನ್ನೂ ನನ್ ಎಸ್ರಲ್ಲಿ ಬೀದಿಗ್ ಕಳ್ಸಿಲ್ಲ ಮೇಷ್ಟ್ರೇ. ಗುರುಗಳ್ ಮಾತು. ನೀವು ಕಳ್ಸಿ, ನಿಮ್ದು ಅದು. ಆಟದ ಕಡೇಲಿ ಬರ್ದಿದೀರಲ್ಲ, ಅದನ್ನೂ ತಗೀರಿ."

"ನೀನು ಕೇಳಿದ್ದೇ ಅದೊಂದಲ್ವಾ?"

"ಊಂ. ಅದೊಂದೇಯ."

ಕುಂಚಗಳನ್ನು ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದ. ನಾನು ಅವತ್ತು ಅತ್ತೆ. ಮಂಗಳನ ಮುಂದೆ, ನಾಚಿಕೆ ಬಿಟ್ಟು.

'ಹರಿಗೋಲು' ವಾಪಸು ಸೇರಿತು. ಯಾರೂ ಕೆಂಪು ಸುತ್ತು ಹಾಕಲಿಲ್ಲ. ಯಾರೂ ಏನನ್ನೂ ಹಾಕಲಿಲ್ಲ. ಸಾವಿರ ಆಟಗಳ ನಡುವೆ ಅದೂ ಒಂದು ಮೂಲೆಯಲ್ಲಿತ್ತು, ಪ್ರದರ್ಶನ ಮುಗಿಯಿತು. ಆಮೇಲೆ ಆ್ಯಪ್ ಅಂಗಡಿಯಲ್ಲಿಟ್ಟೆ. ಎಣಿಸಲು ಕೈಬೆರಳು ಸಾಕಾಗುವಷ್ಟು ಜನ ಇಳಿಸಿಕೊಂಡರು. ಒಬ್ಬ, ಚಿತ್ರಗಳು ಬಹಳ ಅಚ್ಚುಕಟ್ಟಾಗಿವೆ, ಯಾವ ಸಾಫ್ಟ್‌ವೇರ್ ಬಳಸಿದಿರಿ ಎಂದು ಕೇಳಿದ್ದ. ಉತ್ತರ ಬರೆಯಲು ಕೂತೆ, ಬರೆಯಲಾಗಲಿಲ್ಲ. ಕೆಲಸ ಯಾಕೆ ಬಿಟ್ಟೆ ಎಂದರೆ ಮಣಿಕಟ್ಟಿನ ನೋವು ಎಂದು ಎಲ್ಲರಿಗೂ ಹೇಳುತ್ತೇನೆ. ನೋವಿರುವುದು ನಿಜ, ಆದರೆ ನಾನು ಎದ್ದುಹೋದದ್ದು ಆ ಪ್ರಶ್ನೆಯ ಮುಂದಿನಿಂದ.

ಈ ಕೆಲಸಕ್ಕೆ ಬರುವವರಿಗೆ ಕೊನೆಗೆ ಏನು ಹೇಳಲಿ. ನಿಮ್ಮ ಆಟವನ್ನು ಹಂಚಿಕೊಳ್ಳಿ, ಜನ ಗುರುತಿಸುತ್ತಾರೆ ಎಂದು ಎಲ್ಲ ಕಡೆ ಹೇಳಿಕೊಡುತ್ತಾರಲ್ಲ, ನನಗೆ ಅದನ್ನು ಹೇಳಲು ಬಾಯಿ ಬರುತ್ತಿಲ್ಲ. ಜನ ನೋಡುವುದಿಲ್ಲ, ನೋಡಿದರೆ ತಪ್ಪು ಹಿಡಿಯಲು ನೋಡುತ್ತಾರೆ. ನಾನು ಕಂಡದ್ದು ಇಷ್ಟು. ನಿಮಗೆ ಬೇರೆ ಕಂಡರೆ ನನಗೂ ಬಂದು ಹೇಳಿ.

ಒಂದು ವಿಷಯ ಉಳಿಯಿತು. ಆಟ ಮುಗಿದ ಮೇಲೆ ಬರುವ ಪರದೆಯಲ್ಲಿ 'ಚಿತ್ರಗಳು' ಎಂದು ಬರೆದು ಅದರ ಕೆಳಗೆ ಅವನ ಹೆಸರು, ಊರು ಹಾಕಿದ್ದೆ. ಅವನು ಹೇಳಿದ ಹಾಗೆ ಹೆಸರು ತೆಗೆದೆ. 'ಚಿತ್ರಗಳು' ಎನ್ನುವುದನ್ನು ತೆಗೆಯಲು ಮನಸ್ಸಾಗಲಿಲ್ಲ, ಅದರ ಕೆಳಗೆ ಖಾಲಿ ಬಿಟ್ಟೆ. ನಾನು ಕೆಲಸ ನಿಲ್ಲಿಸಿದ ಮೇಲೆ ಯಾರೋ ಆಟವನ್ನು ಕೊನೆಯವರೆಗೆ ಆಡಿ ನನಗೆ ಬರೆದಿದ್ದಾರೆ. ಕೊನೆಯ ಪರದೆಯಲ್ಲಿ ಒಂದು ತಪ್ಪಿದೆ, ಹೆಸರು ಬರಬೇಕಾದ ಕಡೆ ಖಾಲಿ ಇದೆ, ಸರಿಪಡಿಸಿ ಎಂದು.

ಅದನ್ನು ಹೇಳಲೆಂದೇ ಮೊನ್ನೆ ನರಸೀಪುರಕ್ಕೆ ಹೋದೆ. ಮಿಲ್ಲಿನವರು ವಾಪಸು ತೆಗೆದುಕೊಂಡಿಲ್ಲ. ಸಿದ್ದರಾಜಣ್ಣ ಈಗ ಫ್ಲೆಕ್ಸ್ ಅಂಗಡಿಯ ಮುಂದೆ ಕೂತು ಮರದ ಚೌಕಟ್ಟಿಗೆ ಫ್ಲೆಕ್ಸ್ ಎಳೆದು ಮೊಳೆ ಹೊಡೆಯುತ್ತಾನೆ. ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಾಲಡಿ ಇತ್ತು, ಬಾಯಲ್ಲಿ ಮೊಳೆಗಳಿದ್ದವು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಕಡೆಯವರೆಗೆ ಒಬ್ಬರು ಆಡಿದ್ದಾರೆ ಎಂದೆ. ಹೆಸರು ಯಾಕಿಲ್ಲ ಎಂದು ಕೇಳಿದ್ದಾರೆ ಎಂದೆ.

ಸುತ್ತಿಗೆ ನಿಂತಿತು. ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ.

"ಸರಿ ಮಾಡಿದ್ರಾ?"

"ಇಲ್ಲ. ನಿನ್ನ ಕೇಳದೆ ಹೆಂಗೆ ಮಾಡ್ಲಿ. ಹೂಂ ಅನ್ನು, ಇವತ್ತೇ ಮನೆಗೆ ಹೋಗಿ ಹೆಸರು ಹಾಕ್ತೀನಿ."

ಅವನು ಫ್ಲೆಕ್ಸಿನ ಮೂಲೆಯನ್ನು ಎಳೆದು ನೋಡಿದ, ಬಿಗಿಯಾಗಿದೆಯೋ ಇಲ್ಲವೋ ಎಂದು. ಆಮೇಲೆ ಒಂದು ಮೊಳೆ ಆರಿಸಿಕೊಂಡ.

"ಬುಡಿ ಮೇಷ್ಟ್ರೇ," ಎಂದ. "ಒಂದ್ ತಪ್ಪಾದ್ರೂ ಇರ್ಲಿ ಅದ್ರಲ್ಲಿ."